ಜೂಲಿಯೆಟ್ ಮುಖಕ್ಕೆ ಸ್ಪಾಟ್ ಬಿಟ್ಟು ಕೆಟ್ಟೆ

ಶೇಕ್ಸ್‌ಪಿಯರ್‌ನ 'ರೋಮಿಯೊ ಅಂಡ್ ಜೂಲಿಯೆಟ್' ನಾಟಕಕ್ಕೆ ಬೆಳಕು ಮಾಡಲು ಒಪ್ಪಿಕೊಂಡಾಗ ಎರಡನೇ ಅಂಕದ ಎರಡನೇ ದೃಶ್ಯದ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ರಾತ್ರಿ, ತೋಟ, ಮೇಲೆ ಕಿಟಕಿಯಲ್ಲಿ ಹುಡುಗಿ. (ಎಲ್ಲರೂ 'ಬಾಲ್ಕನಿ ದೃಶ್ಯ' ಅಂತಾರೆ, ನಾಟಕದಲ್ಲಿ ಬಾಲ್ಕನಿ ಅನ್ನುವ ಪದವೇ ಇಲ್ಲ.) ದೀಪಕ್ಕೆ ನೀಲಿ ಜೆಲ್ (ಬಣ್ಣದ ತೆಳು ಹಾಳೆ) ಹಾಕಿ, ಅವಳ ಮುಖಕ್ಕೊಂದು ಸ್ಪಾಟ್‌ಲೈಟ್ ಬಿಟ್ಟರೆ ಮುಗೀತು ಅಂದುಕೊಂಡೆ. ರೋಮಿಯೊನೇ ಅವಳನ್ನು ಮೂಡಣದ ಸೂರ್ಯ ಅನ್ನುತ್ತಾನಲ್ಲ!

ತಾಲೀಮಿನಲ್ಲಿ ಜೂಲಿಯೆಟ್ ಆ ಒಂದು ಮಾತು ಆಡುವವರೆಗೂ ಎಲ್ಲ ಚೆನ್ನಾಗಿತ್ತು. ನನ್ನ ಮುಖಕ್ಕೆ ಇರುಳಿನ ಮುಸುಕಿದೆ, ಇಲ್ಲದಿದ್ದರೆ ಕೆನ್ನೆ ಕೆಂಪೇರಿದ್ದು ನಿನಗೆ ಕಾಣುತ್ತಿತ್ತು ಅನ್ನುತ್ತಾಳೆ ಅವಳು. ನಟಿಯ ಹಣೆಯ ಬೆವರು ಹಿಂದಿನ ಸಾಲಿಗೂ ಹೊಳೆಯುತ್ತಿತ್ತು. ಯಾರೋ ಕಿಸಕ್ಕನೆ ನಕ್ಕರು.

ಆ ರಾತ್ರಿ ಪೆನ್ಸಿಲ್ ಹಿಡಿದು ಮಾತುಗಳನ್ನು ಮತ್ತೆ ಓದಿದೆ. ಸೂರ್ಯ, ನಕ್ಷತ್ರ ಎಲ್ಲ ಅವನ ಬಾಯಲ್ಲಿ. ಅವಳಿಗೆ ಬೆಳಕೆಂದರೆ ನಂಬಿಕೆಯಿಲ್ಲ. ಚಂದ್ರನ ಮೇಲೆ ಆಣೆಯಿಡಬೇಡ, ಅವನು ದಿನಕ್ಕೊಂದು ಆಕಾರ. ನಮ್ಮದು ಮಿಂಚಿನ ಹಾಗೆ, 'ಮಿಂಚಿತು' ಅನ್ನುವಷ್ಟರಲ್ಲಿ ಇಲ್ಲ ಅನ್ನುತ್ತಾಳೆ. ಎರಡೂ ಮನೆತನಗಳಿಗೆ ಹಗೆ, ಅವಳ ಕಡೆಯವರ ಕಣ್ಣಿಗೆ ಬಿದ್ದರೆ ಅವನ ತಲೆ ಉಳಿಯುವುದಿಲ್ಲ; ಅವನನ್ನು ಮರೆಮಾಡಿರುವುದೂ ಕತ್ತಲೆಯೇ. ಕತ್ತಲಿದೆ ಅಂತಲೇ ಅವಳಿಗೆ ಇಷ್ಟು ಬಿಚ್ಚಿ ಮಾತಾಡುವ ಧೈರ್ಯ. ನಾನು ಅದನ್ನೇ ಕಿತ್ತುಕೊಂಡಿದ್ದೆ. 1590ರ ದಶಕದಲ್ಲಿ ಬಯಲು ರಂಗಮಂದಿರದವರು ಹಾಡಹಗಲಲ್ಲಿ ಬರೀ ಮಾತಿನಿಂದ ಈ ಇರುಳು ಕಟ್ಟುತ್ತಿದ್ದರು. ಬೆಳಕನ್ನು ಏರಿಸಿ ಇಳಿಸುವ ನನ್ನ ಡಿಮ್ಮರುಗಳು ಅದನ್ನು ಕೆಡಿಸದಿದ್ದರೆ ಸಾಕಿತ್ತು.

ಸ್ಪಾಟ್ ತೆಗೆದೆ. ಕಿಟಕಿಯ ಹಿಂದೆ ಒಂದೇ ದೀಪ, ತೆಳು ಹಳದಿ ಜೆಲ್, ಡಿಮ್ಮರ್ ನೂರಕ್ಕೆ ಹದಿನೈದರಲ್ಲಿ. ಕೂದಲಿನ ಅಂಚು, ಕೆನ್ನೆಯ ಒಂದು ಗೆರೆ ಕಂಡರೆ ಹೆಚ್ಚು. ದಾದಿ ಒಳಗಿಂದ ಕೂಗಿದಾಗ ಮಾತ್ರ ಕಿಟಕಿಯಾಚೆ ಬೆಳಕಿನ ಪಟ್ಟಿಯೊಂದು ಬೀಳುವಂತೆ ಮಾಡಿದೆ. ರೋಮಿಯೊ ತಾನಾಗಿಯೇ ಗೋಡೆಗೆ ಅಂಟಿಕೊಂಡ. 'ಮುಖ ಕಾಣಲ್ಲರೀ' ಅಂತ ನಿರ್ದೇಶಕರು ಎರಡು ದಿನ ಜಗಳ ತೆಗೆದರು. ಮೂರನೇ ದಿನ ನಟಿಯ ದನಿ ಪಿಸುಮಾತಿಗಿಳಿದಿದ್ದು ಕೇಳಿ ಸುಮ್ಮನಾದರು.

ತೆಗೆದ ಸ್ಪಾಟನ್ನು ಮೂರನೇ ಅಂಕದ ಐದನೇ ದೃಶ್ಯಕ್ಕೆ ಇಟ್ಟುಕೊಂಡೆ. ಬೆಳಗಾಗುತ್ತಿದೆ, ಅವನು ಹೊರಡಲೇಬೇಕು. ಕಿಟಕಿಯಿಂದ ಇಳಿದು ಕೆಳಗೆ ನಿಂತವನನ್ನು ನೋಡಿ, ಗೋರಿಯ ತಳದಲ್ಲಿರುವ ಹೆಣದ ಹಾಗೆ ಕಾಣುತ್ತೀಯ ಅನ್ನುತ್ತಾಳೆ. ಜೆಲ್ ಇಲ್ಲದ ಬಿಳಿ ಬೆಳಕನ್ನು ಆಗ ಅವನ ಮುಖದ ಮೇಲೆ ಪೂರ್ತಿ ಬಿಟ್ಟೆ.