ಶುಕ್ರ ಎದುರಿಗೇ ಇದ್ದ, ಟೆಲಿಸ್ಕೋಪು ಇಲ್ಲ ಅಂದಿತು

ಗ್ರಹದ ಹೆಸರು ಒತ್ತಿದರೆ ಸಾಕು, ಟೆಲಿಸ್ಕೋಪು ತಾನೇ ತಿರುಗಿ ತೋರಿಸುತ್ತೆ ಅಂತ ನಂಬಿಕೊಂಡೇ ನಾನು ಗೋ-ಟು ಮೌಂಟ್, ಅಂದರೆ ಮೋಟಾರಿನಿಂದ ತಿರುಗುವ ಸ್ಟ್ಯಾಂಡ್, ಕೊಂಡೆ. ಮೇಲೆ ಕೂತಿರುವುದು 127 ಮಿ.ಮೀ. ಅಗಲದ ಮ್ಯಾಕ್ಸುಟೋವ್ ಟೆಲಿಸ್ಕೋಪು, ಫೋಕಲ್ ಲೆಂತ್ 1500 ಮಿ.ಮೀ. ಅದಕ್ಕೆ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದರೆ 60 ಪಟ್ಟು ದೊಡ್ಡದಾಗಿ ಕಾಣುತ್ತೆ. ಆದರೆ ಒಂದು ಸಲಕ್ಕೆ ಕಾಣುವ ಆಕಾಶ ಒಂದು ಡಿಗ್ರಿಯೂ ಇಲ್ಲ. ಗುರಿ ಚೂರು ತಪ್ಪಿದರೂ ಬರೀ ಕತ್ತಲು.

2025ರ ಮಾರ್ಚ್ 4, ಮೈಸೂರಿನ ನಮ್ಮ ಮನೆ ತಾರಸಿ. ಸಂಜೆ ಏಳೂಕಾಲು. ಟ್ರೈಪಾಡ್ ಮಟ್ಟ ಮಾಡಿ, ಹ್ಯಾಂಡ್ ಕಂಟ್ರೋಲರ್ ಕೇಳಿದ್ದನ್ನೆಲ್ಲ ತುಂಬಿದೆ. ಊರಿನ ಜಾಗ ಹಾಕುವಾಗ ಹುಷಾರಾಗಿದ್ದೆ. ಮೊಬೈಲ್ ತೋರಿಸುವ ಅಕ್ಷಾಂಶ 12.30 ಅನ್ನೋದು 12 ಡಿಗ್ರಿ 30 ಮಿನಿಟ್ ಅಲ್ಲ, 12 ಡಿಗ್ರಿ 18 ಮಿನಿಟ್. ಟೈಮ್ ಜೋನ್ +5:30, ಡೇಲೈಟ್ ಸೇವಿಂಗ್ ಇಲ್ಲ. ದಿನಾಂಕ 04/03/2025. ಸರಿ ತಾನೇ?

ಅಲೈನ್‌ಮೆಂಟಿಗೆ (ಯಂತ್ರಕ್ಕೆ ಆಕಾಶದ ದಿಕ್ಕು ಗುರುತು ಹಿಡಿಸಲು) ಎರಡು ನಕ್ಷತ್ರ ಆರಿಸಿದೆ. ದಕ್ಷಿಣಕ್ಕೆ ಲುಬ್ಧಕ, ಉತ್ತರಕ್ಕೆ ಬ್ರಹ್ಮಹೃದಯ. ಟೆಲಿಸ್ಕೋಪು ಲುಬ್ಧಕನ ಕಡೆಗೆ ಅಂತ ಹೋಗಿ ಕೈ ಚಾಚಿ ಅಳೆದರೆ ಒಂದು ಗೇಣಿಗಿಂತ ಜಾಸ್ತಿ ದೂರದಲ್ಲಿ ನಿಂತಿತು. ಶುರುವಿನಲ್ಲಿ ಉತ್ತರ ದಿಕ್ಕಿಗೆ ಸರಿಯಾಗಿ ಇಟ್ಟಿಲ್ಲವೇನೋ ಅಂದುಕೊಂಡು ಬಾಣದ ಗುಂಡಿ ಒತ್ತಿ ಎಳೆದು ತಂದೆ. ನಕ್ಷತ್ರವನ್ನು ನಡುವಿಗೆ ತರುವಾಗ ನಾನು ಫೋಕಸ್ ಬೇಕಂತಲೇ ಕೆಡಿಸುತ್ತೇನೆ. ಚುಕ್ಕಿ ಉಬ್ಬಿ ಉದ್ದಿನ ವಡೆ ಥರ ಆಗುತ್ತೆ, ನಡುವೆ ಇದೆಯೋ ಇಲ್ಲವೋ ಅಂತ ಸುಲಭವಾಗಿ ಗೊತ್ತಾಗುತ್ತೆ. ಕೊನೆಯ ಒತ್ತು ಮಾತ್ರ ಯಾವಾಗಲೂ ಮೇಲಿನ ಮತ್ತು ಬಲಗಡೆಯ ಗುಂಡಿಯಲ್ಲೇ. ಇಲ್ಲದಿದ್ದರೆ ಗೇರುಗಳ ಸಡಿಲ ಲೆಕ್ಕ ಕೆಡಿಸುತ್ತೆ.

ಅಲೈನ್‌ಮೆಂಟ್ ಆಯ್ತು ಅಂತ ಪರದೆ ಹೇಳಿತು. ಪರೀಕ್ಷೆಗೆ ಮಹಾವ್ಯಾಧನ ನೀಹಾರಿಕೆ ಕೇಳಿದೆ. ಸೊಗಸಾಗಿ ನಡುವಿಗೇ ಬಂತು. ಆಮೇಲೆ ಗುರು ಅಂತ ಒತ್ತಿದೆ. ಏನೂ ಇಲ್ಲ! ಗುರಿ ಹಿಡಿಯಲು ಟೆಲಿಸ್ಕೋಪಿನ ಮೇಲಿರುವ ರೆಡ್ ಡಾಟ್ ಫೈಂಡರಿನಲ್ಲಿ ನೋಡಿದರೆ ಕೆಂಪು ಚುಕ್ಕಿ ಗುರುವಿನಿಂದ ಎರಡು ಬೆರಳು ಆಚೆ ನಿಂತಿದೆ. ಮಂಗಳನದ್ದೂ ಅದೇ ಕಥೆ. ನಕ್ಷತ್ರ, ನೀಹಾರಿಕೆ ಎಲ್ಲ ಸಿಗುತ್ತೆ, ಗ್ರಹ ಮಾತ್ರ ಸಿಗಲ್ಲ. ಮೋಟಾರೇ ಕೆಟ್ಟಿದೆಯಾ? ಕೆಟ್ಟಿದ್ದರೆ ನೀಹಾರಿಕೆ ಹೇಗೆ ಬಂತು?

ಕೊನೆಗೆ ಶುಕ್ರ ಅಂತ ಒತ್ತಿದೆ. ಕ್ಷಿತಿಜದ ಕೆಳಗಿದೆ ಅಂದಿತು ಕಂಟ್ರೋಲರ್.

"ಅಲ್ಲೇ ಇದ್ಯಲ್ಲಪ್ಪಾ!" ಅಂದಳು ಮಗಳು. ಪಶ್ಚಿಮದಲ್ಲಿ, ಪಕ್ಕದ ಮನೆಯ ತೆಂಗಿನ ಮರದ ಮೇಲೆ, ಬಲ್ಬ್ ಹಚ್ಚಿಟ್ಟ ಹಾಗೆ ಶುಕ್ರ.

ಆಗ ಹೊಳೆಯಿತು. ಈ ಯಂತ್ರ ಓದುವುದು ತಿಂಗಳು ಮೊದಲು, ದಿನ ಆಮೇಲೆ. ನಾನು ಕೊಟ್ಟಿದ್ದು ಏಪ್ರಿಲ್ 3. ಮಾರ್ಚ್ 23ಕ್ಕೆ ಶುಕ್ರ ಭೂಮಿಗೂ ಸೂರ್ಯನಿಗೂ ನಡುವೆ ದಾಟಿ ಬೆಳಗಿನ ಆಕಾಶಕ್ಕೆ ಹೋಗುವವನಿದ್ದ. ಏಪ್ರಿಲ್ 3ರ ಸಂಜೆಗೆ ಅವನು ನಿಜವಾಗಿಯೂ ಕ್ಷಿತಿಜದ ಕೆಳಗೇ. ಯಂತ್ರ ಸುಳ್ಳು ಹೇಳಿರಲಿಲ್ಲ.

ನಕ್ಷತ್ರಗಳು ಯಾಕೆ ಸರಿ ಬಂದವು ಅಂದರೆ, ಅವು ಒಂದಕ್ಕೊಂದು ಜಾಗ ಬದಲಿಸುವುದಿಲ್ಲ. ಎರಡನ್ನು ನಾನೇ ಹಿಡಿದು ತೋರಿಸಿದ ಮೇಲೆ ಉಳಿದವು ಎಲ್ಲಿವೆ ಅಂತ ಅದೇ ಲೆಕ್ಕ ಹಾಕಿಕೊಂಡಿತು. ತಪ್ಪು ತಾರೀಖು ಅಲ್ಲಿ ಮುಚ್ಚಿಹೋಯಿತು. ಗ್ರಹ ಹಾಗಲ್ಲ, ನಕ್ಷತ್ರಗಳ ನಡುವೆ ನಡೆಯುತ್ತಿರುತ್ತೆ. ಯಾವ ದಿನ ಎಲ್ಲಿರುತ್ತೆ ಅನ್ನೋದಕ್ಕೆ ಯಂತ್ರಕ್ಕಿರುವ ಆಧಾರ ನಾವು ಹಾಕಿದ ತಾರೀಖು ಮಾತ್ರ. ಆ ಒಂದು ತಿಂಗಳಲ್ಲಿ ಗುರು ಸರಿಯುವುದು ಮೂರ್ನಾಲ್ಕು ಡಿಗ್ರಿ. ಅದೇ ನನ್ನ ಎರಡು ಬೆರಳು. ಚಂದ್ರನಾದರೆ ಒಂದು ದಿನಕ್ಕೇ ಸುಮಾರು 13 ಡಿಗ್ರಿ ಓಡುತ್ತಾನೆ, ಅವನ ವಿಷಯದಲ್ಲಿ ಗಂಟೆ ತಪ್ಪಿದರೂ ಕಷ್ಟ.

ಸ್ವಿಚ್ ಆಫ್ ಮಾಡಿ 03/04/2025 ಅಂತ ಹಾಕಿ ಮೊದಲಿಂದ ಶುರು ಮಾಡಿದೆ. ಈ ಸಲ ಲುಬ್ಧಕ ಮೊದಲ ಏಟಿಗೇ ಫೈಂಡರಿನೊಳಗೆ ಬಂದ. ಗುರು ನೆತ್ತಿಯ ಹತ್ತಿರ ಇದ್ದ, ಅವನಿಗೆ ಅವಸರವಿಲ್ಲ. ಶುಕ್ರ ಆಗಲೇ ತೆಂಗಿನ ಗರಿಗಳ ನಡುವೆ ಇಳಿದಿದ್ದ. ಒತ್ತಿದೆ, ಬಂದ. ನಡುಗುವ ಗಾಳಿಯಲ್ಲಿ ಬಿದಿಗೆ ಚಂದ್ರನಂಥ ತೆಳ್ಳನೆ ಬಿಲ್ಲು.

ಮಗಳು ಐಪೀಸಿಗೆ ಕಣ್ಣಿಟ್ಟಳು. "ಇದು ಚಂದ್ರ ಅಲ್ವಾ?" ಅಂದಳು. ತಲೆಯೆತ್ತಿ ಮೇಲಿದ್ದ ಎಳೆ ಚಂದ್ರನನ್ನು ನೋಡಿದಳು. ಮತ್ತೆ ಐಪೀಸಿಗೆ ಬಗ್ಗಿದಳು.

"ಹಾಗಾದ್ರೆ ಇದ್ಯಾರು?"