ಕಣ ಸುಲಭ, ಹೊಟ್ಟೆಯ ಆಸಿಡ್ ಕಷ್ಟ

1984ರಲ್ಲಿ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಹೊಟ್ಟೆಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡ ಕತೆ ಓದಿಯೇ ನಾನು ಎಂ.ಫಾರ್ಮ್ ಪ್ರಾಜೆಕ್ಟಿಗೆ ಹೊಟ್ಟೆಹುಣ್ಣಿನ ವಿಷಯ ಹಿಡಿದದ್ದು. ಈ ಬ್ಯಾಕ್ಟೀರಿಯಾ ಜಠರದ ಲೋಳೆಯೊಳಗೆ ಅಡಗಿರುತ್ತದೆ. ನುಂಗಿದ ಔಷಧಿ ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಕರುಳಿಗೆ ಜಾರುತ್ತದೆ. ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್‌ಗೆ ಧನ ವಿದ್ಯುದಂಶ, ಲೋಳೆಗೆ ಋಣ, ಎರಡೂ ಅಂಟಿಕೊಳ್ಳುತ್ತವೆ. ಅದರ ನ್ಯಾನೋ ಕಣಗಳಲ್ಲಿ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ತುಂಬಿಸುವುದು ನನ್ನ ಲೆಕ್ಕ.

ಕೈಟೋಸಾನನ್ನು 1% ಅಸಿಟಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ಕರಗಿಸಿದೆ. ಬೆಳಿಗ್ಗೆ ಸೋಸಿ, ಔಷಧಿ ಬೆರೆಸಿ, ಸ್ಟಿರರ್ ಮೇಲಿಟ್ಟು ಕೈಟೋಸಾನನ್ನು ಕಣಗಳಾಗಿ ಹೆಣೆಯುವ ಟ್ರೈಪಾಲಿಫಾಸ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆ. ತಿಳಿಯಾಗಿದ್ದ ದ್ರಾವಣ ಒಂದು ಹಂತದಲ್ಲಿ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿ, ಬೆಳಕಿಗೆ ಹಿಡಿದರೆ ತುಸು ನೀಲಿಯಾಗಿ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಆಸೆಪಟ್ಟು ಇನ್ನಷ್ಟು ಬಿಟ್ಟರೆ ಹಾಲು ಒಡೆದಂತೆ ಚೂರುಚೂರು. ಮೊದಲ ವಾರ ನಾನು ಮಾಡಿದ್ದೆಲ್ಲ ಒಡೆದ ಹಾಲೇ. ಕಣ ಬೇರ್ಪಡಿಸಲು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್‌ನಲ್ಲಿ ತಳ ಹಿಡಿದ ಕಣಗಳಂತೂ ಮತ್ತೆ ಬಿಡಿಬಿಡಿಯಾಗಲೇ ಇಲ್ಲ. ಟ್ಯೂಬಿನ ತಳಕ್ಕೆ ಸ್ವಲ್ಪ ಗ್ಲಿಸರಾಲ್ ಹಾಕಿದ ಮೇಲೆ ಆ ಕಾಟ ತಪ್ಪಿತು.

ಸುಮಾರು 200 ನ್ಯಾನೋಮೀಟರ್ ಗಾತ್ರ ಬಂದಾಗ ಕುಣಿದಾಡಿದೆ. ಗೈಡ್ ಮೇಡಂ ವರದಿ ನೋಡಿ, "ಆಸಿಡ್‌ಗೆ ಹಾಕಿ ನೋಡಿದ್ಯೇನೋ?" ಎಂದರು. ಪಿಎಚ್ 1.2ರ ಕೃತಕ ಜಠರರಸಕ್ಕೆ ಹಾಕಿದೆ. ಮಬ್ಬು ಕಣ್ಣೆದುರೇ ತಿಳಿಯಾಯಿತು. ಆಸಿಡ್‌ನಲ್ಲೇ ಕರಗಿಸಿದ ವಸ್ತು ಆಸಿಡ್‌ನಲ್ಲಿ ಕರಗದೆ ಇನ್ನೇನಾಗಬೇಕಿತ್ತು! ರಾತ್ರಿಯಿಡೀ ಅದನ್ನೇ ಮಾಡಿದವನಿಗೆ ಇದು ಹೊಳೆದಿರಲಿಲ್ಲ.

ಕಂದು ಕಡಲಕಳೆಯಿಂದ ತೆಗೆಯುವ ಆಲ್ಜಿನೇಟ್ ಆಸಿಡ್‌ನಲ್ಲಿ ಕರಗುವುದಿಲ್ಲ, ಮುದುಡಿಕೊಳ್ಳುತ್ತದೆ. ಅದನ್ನು ಕಣದ ಮೇಲೆ ಲೇಪಿಸಿದೆ. ಈಗ ಕಣ ಉಳಿಯಿತು, ಆದರೆ ಮೇಲ್ಮೈ ಋಣವಾಗಿ ಅಂಟು ಕಮ್ಮಿಯಾಯಿತು. ಅಂಟು ಅಳೆಯಲು ಮೇಕೆಯ ಜಠರ ಬೇಕಿತ್ತು. ಮಟನ್ ಅಂಗಡಿಯವರು ಮೊದಲು ಕೊಟ್ಟದ್ದು ಟವೆಲ್‌ನಂತೆ ದೊರಗಾದ ದೊಡ್ಡ ಹೊಟ್ಟೆ. ಮೇಕೆಯ ನಾಲ್ಕು ಹೊಟ್ಟೆಗಳಲ್ಲಿ ಆಸಿಡ್ ಸುರಿಯುವುದು ನಾಲ್ಕನೆಯದರಲ್ಲಿ, ಅದನ್ನು ಕೇಳಿದೆ. "ಬೋಟಿಗೆ ಯಾವ ಹೊಟ್ಟೆಯಾದರೇನು ಸಾರ್?" ಎಂದು ನಕ್ಕರು. ಆ ನಾಲ್ಕನೆಯ ಹೊಟ್ಟೆಯ ತುಂಡನ್ನು ಓರೆಯಾಗಿಟ್ಟು, ಕಣ ಹಾಕಿ, ತೊಳೆದಿಳಿದ ನೀರಿನಲ್ಲಿ ಔಷಧಿ ಎಷ್ಟು ಬಂತೆಂದು ಅಳೆಯುವುದು. ಲೇಪನ ತೆಳುವಾದಷ್ಟೂ ಅಂಟು ಹೆಚ್ಚು, ಆಸಿಡ್‌ನಲ್ಲಿ ಕಣದ ಆಯುಸ್ಸು ಕಡಿಮೆ. ಗಾತ್ರಕ್ಕೆ ಬಡಿದಾಡಿದ ದಿನಗಳನ್ನೆಲ್ಲ ಇದಕ್ಕೇ ಕೊಡಬೇಕಿತ್ತು ಅನಿಸಿತು.

ನಡುವಿನ ಒಂದು ಪ್ರಮಾಣ ಹಿಡಿದು ಥೀಸಿಸ್ ಮುಗಿಸಿದೆ. ಇಲಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು. ಅದನ್ನೀಗ ನನ್ನ ಜೂನಿಯರ್ ಮಾಡುತ್ತಿದ್ದಾಳೆ.