ಟು, ಫಾರ್, ಸಿನ್ಸ್: ಎಲ್ಲಿ ಹಾಕ್ಬೇಕು, ಎಲ್ಲಿ ಬಿಡ್ಬೇಕು

ಇಂಟರ್‌ವ್ಯೂಗೆ ಹೋಗೋ ಹುಡುಗ್ರು ದೊಡ್ಡ ದೊಡ್ಡ ಪದ ಬಾಯಿಪಾಠ ಮಾಡ್ಕೊಂಡು ಬಂದಿರ್ತಾರೆ, ಆದ್ರೆ ಎಡವೋದು ಟು, ಫಾರ್, ಸಿನ್ಸ್ ಹತ್ರಾನೇ. ನಮ್ಮ ‘ಗೆ’, ‘ಅಲ್ಲಿ’, ‘ಇಂದ’ಕ್ಕೆ ಇಂಗ್ಲಿಷಲ್ಲಿ ಒಂದಕ್ಕೊಂದು ಜೋಡಿ ಇದೆ ಅಂದ್ಕೊಂಡಿರ್ತೀವಲ್ಲ, ತೊಂದ್ರೆ ಶುರುವಾಗೋದೇ ಅಲ್ಲಿ.

ಮೊದ್ಲು ಪದಗಳ ಜಾಗ. ಕರ್ತೃ, ಕ್ರಿಯಾಪದ, ಆಮೇಲೆ ಊರು, ಕೊನೇಗೆ ಟೈಮು: ‘ಐ ವೆಂಟ್ ಟು ಮೈಸೂರು ಯೆಸ್ಟರ್‌ಡೇ’. ಇದು ಬೇಗ ಬರುತ್ತೆ.

ಎರಡನೇದು ಟೈಮು. ಗಂಟೆಗೆ ಅಟ್, ವಾರ-ತಾರೀಖಿಗೆ ಆನ್, ತಿಂಗಳು-ವರ್ಷಕ್ಕೆ ಇನ್. ಲಾಸ್ಟ್, ನೆಕ್ಸ್ಟ್ ಬಂದ್ರೆ ಯಾವ್ದೂ ಬೇಡ, ‘ಆನ್ ಲಾಸ್ಟ್ ಮಂಡೇ’ ತಪ್ಪು.

ಈಗ ನಿಜವಾಗ್ಲೂ ಕಷ್ಟ ಕೊಡೋ ‘ಗೆ’. ಸ್ಕೂಲಿಗೆ ಹೋದೆ ಅಂದ್ರೆ ‘ವೆಂಟ್ ಟು ಸ್ಕೂಲ್’, ಮನೆಗೆ ಹೋದೆ ಅಂದ್ರೆ ಬರೀ ‘ವೆಂಟ್ ಹೋಮ್’. ಹಾಸನಕ್ಕೆ ತಲುಪ್ದೆ ಅನ್ನೋಕೆ ‘ರೀಚ್ಡ್ ಹಾಸನ’ ಸಾಕು, ‘ರೀಚ್ಡ್ ಟು’ ಬೇಡ. ಅವನಿಗೆ ಹೇಳ್ದೆ ಅನ್ನೋದು ‘ಟೋಲ್ಡ್ ಹಿಮ್’, ಆದ್ರೆ ‘ಸೆಡ್’ ಬಳಸಿದ್ರೆ ‘ಸೆಡ್ ಟು ಹಿಮ್’. ಎಕ್ಸ್‌ಪ್ಲೇನ್ ಕೂಡ ಹಂಗೇ, ‘ಎಕ್ಸ್‌ಪ್ಲೇನ್ ಮಿ’ ಅಲ್ಲ, ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ಜ್ವರಕ್ಕೆ ಮಾತ್ರೆ ಅಂದ್ರೆ ‘ಟ್ಯಾಬ್ಲೆಟ್ ಫಾರ್ ಫೀವರ್’, ನಾಯಿಗೆ ಹೆದರ್ತಾಳೆ ಅಂದ್ರೆ ‘ಅಫ್ರೇಡ್ ಆಫ್ ಡಾಗ್ಸ್’. ಒಂದೇ ‘ಗೆ’ಗೆ ಟು, ಫಾರ್, ಆಫ್ ಮೂರೂ ಬಂತು, ಕೆಲವು ಕಡೆ ಏನೂ ಬರ್ಲಿಲ್ಲ.

ಅದಕ್ಕೇ ಪ್ರತ್ಯಯ ಹಿಡ್ಕೊಂಡು ಹೊರಡ್ಬೇಡಿ, ಕ್ರಿಯಾಪದ ಹಿಡೀರಿ. ಒಂದು ನೋಟ್‌ಬುಕ್ಕಲ್ಲಿ ಜೋಡಿಯಾಗೇ ಬರ್ಕೊಳ್ಳಿ: ಲಿಸನ್ ಟು, ವೇಟ್ ಫಾರ್, ಡಿಪೆಂಡ್ ಆನ್. ಜೋಡಿ ಬೇಡದವನ್ನೂ ಬರೀರಿ, ಅದನ್ನ ಯಾರೂ ಮಾಡಲ್ಲ: ಡಿಸ್ಕಸ್, ರೀಚ್, ಆನ್ಸರ್. ಆಫೀಸುಗಳಲ್ಲಿ ಮೂರು ಹೊತ್ತೂ ಕೇಳ್ಸೋ ‘ಡಿಸ್ಕಸ್ ಅಬೌಟ್’ ಇದೊಂದೇ ಪುಟದಿಂದ ಹೋಗುತ್ತೆ. 30 ದಿನದಲ್ಲಿ ಇಂಗ್ಲಿಷ್ ಅಂತ ಫುಟ್‌ಪಾತಲ್ಲಿ ಸಿಗೋ ಪುಸ್ತಕಗಳಿಗೆ ದುಡ್ಡು ಹಾಕ್ಬೇಡಿ, ತುಂಬಾದ್ರಲ್ಲಿ ಇನ್ ಅಂದ್ರೆ ಒಳಗೆ, ಆನ್ ಅಂದ್ರೆ ಮೇಲೆ ಅಂತ ಪಟ್ಟಿ ಕೊಟ್ಟು ಮುಗಿಸಿರ್ತಾರೆ, ಆಮೇಲೆ ‘ಆನ್ ದಿ ಬಸ್’ ಓದಿದೋರು ಬಸ್ಸಿನ ಟಾಪ್ ಮೇಲೆ ಕೂತಿದಾರೆ ಅಂದ್ಕೋತಾರೆ. ಟ್ರಾನ್ಸ್‌ಲೇಶನ್ ಆ್ಯಪ್ ಬಳಸಿ, ಆದ್ರೆ ಒಂಟಿ ಪದ ಹಾಕ್ಬೇಡಿ, ಪೂರ್ತಿ ವಾಕ್ಯ ಹಾಕಿ.

ಟೈಮು ಹೇಳೋ ‘ಇಂದ’ಕ್ಕೆ ಎರಡು ದಾರಿ. ಎಷ್ಟು ಕಾಲದಿಂದ ಅಂದ್ರೆ ಫಾರ್, ಯಾವಾಗಿಂದ ಅಂದ್ರೆ ಸಿನ್ಸ್. ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅನ್ನೋದು ಎರಡು ಕಡೆ ತಪ್ಪು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಅನ್ನಿ, ಇಲ್ಲಾಂದ್ರೆ ಕೊನೇಗೆ ‘ಸಿನ್ಸ್ 2020’ ಅನ್ನಿ.

ಕೊನೇದು ಪ್ರಶ್ನೆ. ‘ವೇರ್ ಯು ಆರ್ ಗೋಯಿಂಗ್?’ ಅಲ್ಲ, ‘ವೇರ್ ಆರ್ ಯು ಗೋಯಿಂಗ್?’ ಇದನ್ನ ಕಲ್ತ ಮೇಲೆ ಇನ್ನೊಂದು ತಪ್ಪು ಶುರುವಾಗುತ್ತೆ, ‘ಟೆಲ್ ಮಿ ವೇರ್ ಆರ್ ಯು ಗೋಯಿಂಗ್’ ಅಂತಾರೆ. ಪ್ರಶ್ನೆ ಇನ್ನೊಂದು ವಾಕ್ಯದೊಳಗೆ ಸೇರಿದ ತಕ್ಷಣ ಪದಗಳು ವಾಪಸ್ ತಮ್ಮ ಜಾಗಕ್ಕೆ ಬರ್ಬೇಕು: ‘ಟೆಲ್ ಮಿ ವೇರ್ ಯು ಆರ್ ಗೋಯಿಂಗ್’. ಎರಡನ್ನೂ ಒಟ್ಟೊಟ್ಟಿಗೆ, ಜೋರಾಗಿ ಹೇಳಿ ಅಭ್ಯಾಸ ಮಾಡಿ, ಮನಸ್ಸಲ್ಲೇ ಓದ್ಕೊಂಡ್ರೆ ನಾಲಿಗೆ ಪಳಗಲ್ಲ.